ರಾಶಿಯ ಕಾಲಕ್ಕೇ ಓಡಿಬನ್ನಿ ಎನ್ನುವ ಸಾವಂತ್ರೆವ್ವ

ಹುಬ್ಬಳ್ಳಿ ಗಿರಣಿಯ ಭೋಂಗಾ ಇನ್ನೂ ಊದಿಲ್ಲ. ಉಣಕಲ್ ಕೆರೆಯ ನೀರು ಇನ್ನೂ ಕರ್ರಗೇ ಇದೆ. ಅಷ್ಟರಲ್ಲಾಗಲೇ ಸಾವಂತ್ರೆವ್ವ ಗುಡ್ಡದ ಅರ್ಧ ದಾರಿ ಏರಿದ್ದಾಳೆ. ತಲೆಯ ಮೇಲೆ ದೊಡ್ಡ ಕೊಡ, ಅದರ ಮೇಲೆ ಸಣ್ಣ ಕೊಡ, ಬಗಲಲ್ಲಿ ಮತ್ತೊಂದು. ಕಾಲಿಗೆ ಚಪ್ಪಲಿ ಇಲ್ಲ. ಕಲ್ಲು ಜಾರುವ ಕಡೆ ಸೊಂಟ ಒಂದಿಷ್ಟು ಹೊರಳುತ್ತದೆ, ಕುತ್ತಿಗೆ ಮಾತ್ರ ಅಲುಗುವುದಿಲ್ಲ. ಅಬ್ಬಬ್ಬಾ! ಬರಿಗೈಯಲ್ಲಿ ಏರುವವರೇ ಎರಡು ಕಡೆ ಕೂತು ಸುಧಾರಿಸಿಕೊಳ್ಳುವ ಏರು ಅದು. ಇವಳು ಏರುತ್ತಲೇ ಮಾತಾಡುತ್ತಾಳೆ.

ಮಾತು, ಬೆನ್ನ ಹಿಂದೆ ಬರುತ್ತಿರುವ ಹುಡುಗನ ಜೊತೆ. ಅವನು ಅರ್ಜುನಪ್ಪ, ರೇಲ್ವೆ ವರ್ಕಶಾಪಿನ ಫಿಟ್ಟರ್, ಕಬ್ಬಿಣ ಬಗ್ಗಿಸುವ ತೋಳಿನವನು. ಆದರೂ ಹೆಗಲ ಮೇಲಿನ ಒಂದೇ ಒಂದು ಕೊಡಕ್ಕೆ ಹೈರಾಣಾಗಿದ್ದಾನೆ. ಅಂಗಿಯೆಲ್ಲ ತೊಯ್ದು ತೊಪ್ಪೆಯಾಗಿದೆ.

"ಅರ್ಧಾ ನೀರಾಗ ನೀನ ಜಳಕಾ ಮಾಡಿದೆಲ್ಲೋ ತಮ್ಮಾ, ಗಿಡಕ್ಕ ಏನ ಉಳೀತು?" ಎಂದು ಸಾವಂತ್ರೆವ್ವ ತಿರುಗಿ ನೋಡದೆಯೇ ಕೇಳುತ್ತಾಳೆ. "ಒಂದ ಕೊಡಾ ಹೊರಾಕ ಹಿಂಗಾದ್ರ, ನಾಳೆ ಸಂಸಾರ ಹೆಂಗ ಹೊರಾಂವ ನೀ?"

ಮೇಲೆ ಸಂಪಿಗೆ ಮರದ ಕೆಳಗಿನ ಕಲ್ಲಿನ ಬೆಂಚಿನ ಮೇಲೆ ಒಬ್ಬ ಹುಡುಗಿ ಕೂತಿದ್ದಾಳೆ. ಉಣಕಲ್ಲಿನ ಒಕ್ಕಲಿಗ ಫಕೀರಗೌಡರ ಮಗಳು ಕಲ್ಲವ್ವ. ಅರ್ಜುನಪ್ಪನ ಅವಸ್ಥೆ ನೋಡಿ ನಗು ತಡೆಯಲಾರದೆ ಬಾಯಿಗೆ ಕೈ ಒತ್ತಿಕೊಳ್ಳುತ್ತಾಳೆ. ಇಬ್ಬರೂ ಇವತ್ತು ಕೋಳಿ ಕೂಗುವ ಹೊತ್ತಿಗೆ ಮನೆ ಬಿಟ್ಟು ಓಡಿ ಬಂದವರು. ಓಡಿ ಬಂದ ಗಂಡಿಗೆ ಈ ಗುಡ್ಡದಲ್ಲಿ ಮೊದಲ ಕೆಲಸ ನೀರು ಹೊರುವುದು. ಅದು ಸಾವಂತ್ರೆವ್ವನ ಕಾಯಿದೆ. ಅದಕ್ಕೆ ಅಪೀಲು ಇಲ್ಲ.

ಈ ಗುಡ್ಡದ ತೋಟವನ್ನು ಹುಬ್ಬಳ್ಳಿಯವರೂ ಬಲ್ಲರು, ಧಾರವಾಡದವರೂ ಬಲ್ಲರು. ಹಿಂದೆ ಹಸಿರಿನ ಹುಚ್ಚು ಹತ್ತಿದ ದೇಸಾಯರೊಬ್ಬರು ಹಾಕಿಸಿದ್ದು. ಸಂಜೆಯಾದರೆ ಟಾಂಗಾದಲ್ಲಿ, ಸೈಕಲ್ಲಿನ ಮೇಲೆ ಜನ ಬರುತ್ತಾರೆ. ಕೆರೆಯ ಗಾಳಿ ಕುಡಿಯುತ್ತಾರೆ, ಶೇಂಗಾ ತಿನ್ನುತ್ತಾರೆ, ಸಿಪ್ಪೆ ಅಲ್ಲೇ ಚೆಲ್ಲಿ ಇಳಿದು ಹೋಗುತ್ತಾರೆ. ಮಾಲಿ ರಸೂಲಸಾಬನನ್ನಾದರೂ ಒಬ್ಬಿಬ್ಬರು ಮಾತಾಡಿಸುತ್ತಾರೆ, ಅವನ ಕೈಯಲ್ಲಿ ಗುಲಾಬಿ ಇರುತ್ತದಲ್ಲ! ಬರೀ ಬಂಡೆಯ ಈ ನೆತ್ತಿಗೆ ನೀರು ಎಲ್ಲಿಂದ ಬಂತು, ಯಾರ ತಲೆಯ ಮೇಲೆ ಬಂತು ಎಂದು ಕೇಳಿದವರಿಲ್ಲ. ದಿನಕ್ಕೆ ಎಷ್ಟು ಕೊಡ ಹೊರುತ್ತೀ ಎಂದು ಸಾವಂತ್ರೆವ್ವನನ್ನು ಕೇಳಿದರೆ ಅವಳಿಗೆ ನಗು ಬರುತ್ತದೆ.

"ಎಣಸಾಕ ಹೋಗಿಲ್ರಿ ಸಾಹೇಬ್ರ. ಗಿಡಾ ಸಾಕು ಅನ್ನೂತನಕ ಹೊರೂದು. ಬ್ಯಾಸಗ್ಯಾಗ ಅವು ಸಾಕು ಅನ್ನೂದ ಇಲ್ಲ ನೋಡ್ರಿ."

ನೀರು ಹೊರುವ ಕೆಲಸಕ್ಕೆ ಪಗಾರ ಉಂಟು. ಅವಳ ಇನ್ನೊಂದು ಕೆಲಸಕ್ಕೆ ಪಗಾರವೂ ಇಲ್ಲ, ಹೆಸರೂ ಇಲ್ಲ. ಹಳೇ ಹುಬ್ಬಳ್ಳಿಯ ಓಣಿಗಳಲ್ಲಾಗಲಿ, ಸುತ್ತಲ ಹಳ್ಳಿಗಳಲ್ಲಾಗಲಿ, ಹಿರಿಯರು ಒಪ್ಪದ ಗಂಡು ಹೆಣ್ಣು ಇದ್ದರೆ ಯಾರೋ ಒಬ್ಬರು ಕಿವಿಯಲ್ಲಿ ಊದುತ್ತಾರೆ: ಸುಮ್ಮನೆ ಓಡಬೇಡಿ, ಗುಡ್ಡದ ತೋಟದ ಸಾವಂತ್ರೆವ್ವನನ್ನು ಕೇಳಿ ಓಡಿ. ಯಾವ ಕಾಲಕ್ಕೆ ಓಡಬೇಕು ಎಂದು ಹೇಳುವವಳು ಅವಳು.

ಈ ವಿಷಯದಲ್ಲಿ ಅವಳಿಗೂ ರಸೂಲಸಾಬನಿಗೂ ವರ್ಷಗಟ್ಟಲೆ ಜಗಳ. ಓಡಿ ಬಂದವರಿಗೆ ಹಾರ ಕಟ್ಟಿಕೊಡುವವನು ಅವನು. "ಶ್ರಾವಣದಾಗ ಬರ್ರಿ ಅಂತ ಹೇಳು ಅಂದ್ರ ಈಕಿ ಕೇಳಂಗಿಲ್ರಿ," ಎಂದು ಅವನು ಗುಲಾಬಿ ಮಡಿಯಲ್ಲಿ ಕೂತೇ ದೂರು ಹೇಳುತ್ತಾನೆ. "ಶ್ರಾವಣದಾಗ ನನ್ನ ತ್ವಾಟಾ ನೋಡಬೇಕ್ರಿ! ಹಾರಾ ಅಂದ್ರ ಹಾರಾ. ಈಕಿ ಈ ಬಿಸಲಾಗ ಕರಸ್ತಾಳ. ಈ ನಾಕ ಬಾಡಿದ ಹೂವಿನಾಗ ನಾ ಏನ ಕಟ್ಟಲಿ?"

"ಕಣಗಲ ಹೂವಿಂದ ಕಟ್ಟು ಸಾಬಣ್ಣ. ಹಾರಾ ಒಂದ ದಿನದ್ದು," ಎನ್ನುತ್ತಾಳೆ ಸಾವಂತ್ರೆವ್ವ. ಆಮೇಲೆ ಒಂದೊಂದೇ ಕಾಲವನ್ನು ತೆಗೆದು ಜರಡಿ ಹಿಡಿಯುತ್ತಾಳೆ. "ಮಳಿಗಾಲದಾಗ ಎರಿಮಣ್ಣ ಕಾಲ ಹಿಡೀತೇತ್ರಿ. ಹೆಜ್ಜಿ ಮೂಡತಾವ. ಇಲ್ಲೇ ಹ್ವಾದ್ರು, ಹಿಂಗ ಹ್ವಾದ್ರು ಅಂತ ನೆಲಾನ ಚಾಡಿ ಹೇಳತೇತಿ. ಜ್ವಾಳ ಎದಿಮಟ ನಿಂತಾಗ ಅಡಗಾಕ ಛಲೋ, ಖರೇ. ಆದ್ರ ಹೊಲಾ ಕಾಯಾವ್ರು ಅಟ್ಟದ ಮ್ಯಾಲ ಕವಣಿ ಹಿಡಕೊಂಡ ಕುಂತಿರತಾರ, ಹಕ್ಕಿ ಅಂತ ಹೊಡದಗಿಡದಾರು! ಲಗ್ನದ ದಿನಾ ಬಂದ್ರ ಹಾದಿ ತುಂಬ ಬೀಗರ ಬಂಡಿ. ಯಾವ ಬಂಡ್ಯಾಗ ಹುಡಿಗಿ ಸ್ವಾದರಮಾವ ಕುಂತಾನೋ ಯಾರ ಕಂಡಾರ?"

ಹಾಗಾದರೆ ಯಾವ ಕಾಲ? ಬಿಳಿಜೋಳ ಕೊಯ್ದು, ತೆನೆ ತುಳಿಸಿ, ತೂರಿ, ಕಣದಲ್ಲಿ ರಾಶಿ ಮಾಡುವ ಕಾಲವಂತೆ. ಕೇಳಿದವರಿಗೆ ಗಾಬರಿಯಾಗಬೇಕು. ಊರಿಗೆ ಊರೇ ಹೊಲದಲ್ಲಿರುವ ಕಾಲ ಅದು. ಹಗಲು ಹನ್ನೆರಡು ತಾಸು ಎಲ್ಲರ ಕಣ್ಣೂ ತೆರೆದಿರುತ್ತವೆ. ಆಗ ಓಡುವುದೇ?

"ಓಡಿ ಹೋಗಾಕ ಯಾವ ಕಾಲಾದ್ರೂ ನಡೀತೇತ್ರಿ," ಎನ್ನುತ್ತಾಳೆ ಸಾವಂತ್ರೆವ್ವ. "ತಿರಿಗಿ ಬರಾಕ ಅದೊಂದ ಕಾಲ."

ನಮ್ಮ ಕಡೆ ಮಗಳನ್ನು ಕಳಿಸುವಾಗ ತವರಿನವರು ಉಡಿ ತುಂಬುತ್ತಾರೆ. ಅವಳ ಸೆರಗಿನಲ್ಲಿ ತವರಿನ ಕಾಳು ಬಿದ್ದರೆ ಅವಳಿಗೆ ತವರಿದೆ ಎಂದು ಅರ್ಥ. ಶ್ರಾವಣದ ನಾಗರ ಪಂಚಮಿಗೆ ಕರೆಯಲು ಬಂಡಿ ಬರುತ್ತದೆ, ಬಾಣಂತನಕ್ಕೆ ಕರೆ ಬರುತ್ತದೆ. ಓಡಿ ಹೋದವಳ ಉಡಿ ಯಾರು ತುಂಬಬೇಕು? ಅವಳು ಎಷ್ಟೇ ಸುಖವಾಗಿರಲಿ, ಬರಿ ಉಡಿಯಲ್ಲಿ ಹೋದವಳು. ಶ್ರಾವಣದಲ್ಲಿ ಮಿಕ್ಕವರ ಬಂಡಿಗಳ ಗೆಜ್ಜೆ ಸದ್ದು ಕೇಳಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಇದಕ್ಕೆ ಸಾವಂತ್ರೆವ್ವ ಹುಡುಕಿದ ದಾರಿ ಎಂಥದು ನೋಡಿ! ರಾಶಿಯ ದಿನ ಕಣದ ಅಂಚಿಗೆ ಬಂದು ಸೆರಗು ಒಡ್ಡಿದವರನ್ನು ಯಾವ ಒಕ್ಕಲಿಗನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಕಣದಲ್ಲಿ ಚಪ್ಪಲಿ ಮೆಟ್ಟುವುದಿಲ್ಲ, ಬೈಗುಳ ಆಡುವುದಿಲ್ಲ, 'ಇಲ್ಲ' ಎಂಬ ಮಾತನ್ನಂತೂ ಎತ್ತುವುದೇ ಇಲ್ಲ. ಸಾವಂತ್ರೆವ್ವನದು ಊರ ಹೊರಗಿನ ಕೇರಿ. ಆ ಕೇರಿಯವರಿಗೆ ಕಣದಲ್ಲಿ ಹಿಂದಿನಿಂದಲೂ ಪಾಲಿದೆ. ಅವಳು ಹುಡುಗಿಯ ಅಪ್ಪನ ಕಣಕ್ಕೆ ಹೋಗುತ್ತಾಳೆ. ತನ್ನ ಪಾಲು ತೆಗೆದುಕೊಂಡು ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ಆಮೇಲೆ ಅಲ್ಲೇ ನಿಂತು ಎರಡನೇ ಸಲ ಸೆರಗು ಒಡ್ಡುತ್ತಾಳೆ. ಮಗಳ ಹೆಸರು ಎತ್ತುವುದಿಲ್ಲ.

"ಎರಡನೇ ಸಲ ಒಡ್ಡಿದಾಗ ಅಪ್ಪ ಆದಾಂವಗ ತಿಳೀತೇತ್ರಿ. ಮನಿ ಬಾಗಲಾ ಮುಂದ ಕೇಳಿದ್ರ ಕೊಡ್ಲಿ ತಗೊಂಡ ಬರತಾನ. ರಾಶಿ ಮುಂದ ಕೈ ಎತ್ತಾಕ ಬರೂದಿಲ್ಲ, ಬಾಯಿ ಮಾಡಾಕ ಬರೂದಿಲ್ಲ. ಸಿಟ್ಟಿನ ಮನಶಾಗೂ ಒಂದ ಜಾಗಾ ಬೇಕಲ್ರಿ, ಸಿಟ್ಟ ಇಳಸಾಕ?"

ಎಲ್ಲರೂ ಇಳಿಸುತ್ತಾರೆಯೇ? ಇಲ್ಲ. "ಇದು ನಿನಗ, ಮತ್ಯಾರಿಗೂ ಅಲ್ಲ" ಎಂದು ಹೇಳಿ ಸುರಿದವರೂ ಇದ್ದಾರೆ. ಆ ಕಾಳನ್ನು ಸಾವಂತ್ರೆವ್ವ ಕೇರಿಯಲ್ಲಿ ಹಂಚಿ, ಬರಿ ಸೆರಗಿನಲ್ಲಿ ಗುಡ್ಡ ಏರಿ, ಕಾದು ಕೂತ ಹುಡುಗಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ಬೇರೆ ಕಣದ ಕಾಳು ತಂದು ತುಂಬಿದರೆ ಯಾರಿಗೆ ಗೊತ್ತಾದೀತು ಎಂದರೆ ಅವಳ ಹುಬ್ಬು ಗಂಟಾಗುತ್ತದೆ. "ಉಡ್ಯಾಗ ಸುಳ್ಳ ಹಾಕಬಾರದ್ರಿ. ಅದು ಹೊಟ್ಟಿ ಮುಂದ ಇರತೇತಿ."

ಈ ಜ್ಞಾನ ಅವಳಿಗೆ ಎಲ್ಲಿಂದ ಬಂತು? ಅದನ್ನು ಹೇಳುವಾಗ ಮಾತ್ರ ಅವಳು ಕೊಡ ಇಳಿಸಿ ಕೂರುತ್ತಾಳೆ.

ಅವಳೂ ಓಡಿ ಬಂದವಳೇ. ನವಲಗುಂದದ ಕಡೆಯ ಹುಡುಗಿ. ಕೆರೆ ಕೆಲಸಕ್ಕೆ ಬಂದಿದ್ದ ಹುಲಗಪ್ಪನನ್ನು ಮೆಚ್ಚಿ, ಮುಂಗಾರಿನ ಮೊದಲ ಮಳೆಯಲ್ಲಿ ಅವನ ಕೈ ಹಿಡಿದು ನಡೆದುಬಿಟ್ಟಳು. "ಮಳಿ ಅಂದ್ರ ಮಳಿ! ಆಗ ಏನ ಚೆಂದ ಅನಸಿತ್ರಿ. ಯವ್ವಗ ಹೇಳದ ಬಂದಿದ್ದೆ. ಸುಗ್ಗಿಗೆ ಹೋಗೂಣು, ಅಷ್ಟರಾಗ ಅಪ್ಪನ ಸಿಟ್ಟ ತಣ್ಣಗಾಗತೇತಿ ಅಂದಿದ್ದ ಹುಲಗಪ್ಪ." ಸುಗ್ಗಿ ಬರುವ ಮೊದಲೇ ಆ ಜ್ವರ ಬಂತು. ಮೊದಲ ಮಹಾಯುದ್ಧ ಮುಗಿಯುವ ವರ್ಷ ಊರೂರನ್ನೇ ಮಲಗಿಸಿತಲ್ಲ, ಅದೇ ಜ್ವರ. ಸಾವಂತ್ರೆವ್ವ ಹೋಗಿ ನೋಡಿದಾಗ ತವರಿನ ಬಾಗಿಲಿಗೆ ಮುಳ್ಳು ಬಡಿದಿದ್ದರು. ಅವ್ವನೂ ಇಲ್ಲ, ಅಪ್ಪನೂ ಇಲ್ಲ, ಅಣ್ಣನೂ ಇಲ್ಲ. ಹುಲಗಪ್ಪ ಅವಳನ್ನು ಚೆನ್ನಾಗಿಯೇ ಬಾಳಿಸಿದ. ಮೂರು ವರ್ಷದ ಹಿಂದೆ ಅವನೂ ತೀರಿಕೊಂಡ.

"ಅಂವಾ ಕೊಟ್ಟಿದ್ದಕ್ಕ ಕಡಿಮಿ ಇರಲಿಲ್ರಿ," ಎನ್ನುತ್ತಾಳೆ. "ಆದ್ರ ಉಡಿ ಗಂಡಾ ತುಂಬೂದಲ್ಲ."

ಈಗ ಇವತ್ತಿನ ಮಾತು. ಇವತ್ತು ಫಕೀರಗೌಡರ ಕಣದಲ್ಲಿ ರಾಶಿ ಪೂಜೆ. ಅದನ್ನು ನೋಡಿಕೊಂಡೇ ಸಾವಂತ್ರೆವ್ವ ಇವರಿಗೆ ದಿನ ಗೊತ್ತು ಮಾಡಿದ್ದು. ಬಿಸಿಲು ಗುಡ್ಡಕ್ಕೆ ತಾಗುವ ಹೊತ್ತಿಗೆ ಅವಳು ಖಾಲಿ ಕೊಡ ಬೋರಲು ಹಾಕಿ, ಸೆರಗು ಕೊಡವಿ ಹೊರಡಲು ಅಣಿಯಾಗುತ್ತಾಳೆ. ಆಗ ಕಲ್ಲವ್ವ ಬೆಂಚಿನಿಂದ ಏಳುತ್ತಾಳೆ. ಮುಂಜಾನೆಯಿಂದ ಅವಳು ಒಂದು ಕೈಯಲ್ಲಿ ಸೆರಗಿನ ಗಂಟನ್ನು ಒತ್ತಿ ಹಿಡಿದುಕೊಂಡೇ ಇದ್ದಳು. ತಾಳಿಯೋ ಬುತ್ತಿಯೋ ಇರಬೇಕು ಎಂದು ಎಲ್ಲರೂ ತಿಳಿದಿದ್ದರು.

"ನೀ ಹೋಗೂದ ಬ್ಯಾಡ ಬೇ," ಎನ್ನುತ್ತಾಳೆ ಕಲ್ಲವ್ವ, ಮುಖ ಅರಳಿಸಿಕೊಂಡು. "ಅಪ್ಪ ಕೊಡೂದಿಲ್ಲ ಅಂತ ನನಗ ಗೊತ್ತಿತ್ತು. ಅದಕ್ಕ ಬರುವಾಗ ಕಣಕ್ಕ ಹೋಗಿ ನಾನ ತಂದೇನಿ." ಗಂಟು ಬಿಚ್ಚುತ್ತಾಳೆ. ಉಡಿ ತುಂಬ ಮುತ್ತಿನಂಥ ಬಿಳಿಜೋಳ.

ಸಾವಂತ್ರೆವ್ವ ಎದೆಗೆ ಕೈ ಇಟ್ಟುಕೊಂಡು ಅಲ್ಲೇ ಕೂತುಬಿಡುತ್ತಾಳೆ. "ಅಯ್ಯ ನನ್ನವ್ವ! ಪೂಜಿ ಆಗದ ರಾಶಿಗೆ ಕೈ ಹಾಕಿದ್ಯಾ? ನಿನ್ನ ಉಡಿ ನೀನ ತುಂಬಿಕೊಂಡ್ಯಾ?"

ಒಕ್ಕಲಿಗರ ಮನೆಯ ಹುಡುಗಿಗೆ ಇದು ತಿಳಿಯದ್ದಲ್ಲ. ತೂರಿದ ರಾಶಿಯ ಸುತ್ತ ಬೂದಿಯ ಗೆರೆ ಎಳೆದ ಮೇಲೆ ಪೂಜೆಯಾಗುವ ತನಕ ಮನೆಯೊಡೆಯನೂ ಕಾಳು ಮುಟ್ಟುವುದಿಲ್ಲ. ಆದರೆ ತವರು ತಪ್ಪುತ್ತದೆ ಎಂಬ ಹೆದರಿಕೆಯಲ್ಲಿ ಅವಳಿಗೆ ಬೇರೆ ಏನೂ ತೋಚಿಲ್ಲ. ತಪ್ಪು ಅರಿವಾದದ್ದೇ ತಡ, ಹುಡುಗಿಯ ಮುಖ ಸುಣ್ಣದಂತಾಗುತ್ತದೆ. ಗೆರೆ ಮುರಿದದ್ದನ್ನು ಅಪ್ಪ ಈಗಾಗಲೇ ನೋಡಿರುತ್ತಾನೆ. ಮಗಳು ಓಡಿದ್ದನ್ನು ಒಂದು ದಿನ ಮರೆತಾನು, ರಾಶಿ ಕೆಡಿಸಿದ್ದನ್ನು ಮರೆಯುವವನಲ್ಲ.

"ನಾ ಒಯ್ದು ಕೊಟ್ಟು ಕಾಲಿಗೆ ಬೀಳ್ತೇನಿ," ಎನ್ನುತ್ತಾನೆ ಅರ್ಜುನಪ್ಪ.

"ನೀ ಹ್ವಾದ್ರ ಕಾಲ ಮುರೀತಾರ. ಕುಂದ್ರು," ಎನ್ನುತ್ತಾಳೆ ಸಾವಂತ್ರೆವ್ವ. ತನ್ನ ಸೆರಗು ಚಾಚುತ್ತಾಳೆ. "ಸುರಿ ಯವ್ವ. ಒಂದ ಕಾಳೂ ಉಳೀಬಾರದು."

ರಸೂಲಸಾಬ ಹಾರ ಕಟ್ಟುವುದನ್ನು ಬಿಟ್ಟು ಎದ್ದು ನಿಲ್ಲುತ್ತಾನೆ. "ಸಾವಂತ್ರಿ, ಹುಚ್ಚ ಹಿಡದೇತೇನು? ಪೂಜಿ ಮೊದ್ಲ ಆ ಕಾಳು ನಿನ್ನ ಸೆರಗಿನ್ಯಾಗ ಕಂಡ್ರ ಕಳ್ಳಿ ನೀನ ಅಂತಾರ. ಗುಡ್ಡದ ಕೆಲಸಾನೂ ಹೋಗತೇತಿ, ಕಣದ ಪಾಲೂ ಹೋಗತೇತಿ."

"ಕಾಳ ಖರೇ ಅಲ್ಲಿದ ಐತಲ್ಲ ಸಾಬಣ್ಣ, ಅಲ್ಲಿಗೇ ಹೋಗಲಿ," ಎಂದು ಅವಳು ಇಳಿಜಾರಿನಲ್ಲಿ ನಡೆದೇಬಿಡುತ್ತಾಳೆ. ಇಷ್ಟು ವರ್ಷ ಖಾಲಿ ಸೆರಗು ಒಯ್ದು ತುಂಬಿಸಿಕೊಂಡು ಬಂದವಳು ಇವತ್ತು ತುಂಬಿದ ಸೆರಗು ಹೊತ್ತು ಹೋಗುತ್ತಿದ್ದಾಳೆ.

ಕಣದಲ್ಲಿ ಆಗಲೇ ಜನ ಗುಂಪುಗೂಡಿದ್ದಾರೆ. ರಾಶಿಯ ಒಂದು ಮಗ್ಗುಲು ಕುಸಿದಿದೆ, ಬೂದಿಯ ಗೆರೆ ಅಳಿಸಿದೆ. ಫಕೀರಗೌಡರು ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾರೆ. ಮಗಳು ಮನೆಯಲ್ಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಸಾವಂತ್ರೆವ್ವ ಕಣದ ಅಂಚಿನಲ್ಲಿ ನಿಂತು ಭಾರದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾಳೆ.

"ಗೌಡರ, ರಾಶೀದು ರಾಶಿಗೆ ಬಂದೇತ್ರಿ."

ಗೌಡರ ಆಳು ವೆಂಕಣ್ಣ ನೋಡಿದವನೇ, "ಸಿಕ್ಕಳ್ರಿ ಕಳ್ಳಿ!" ಎಂದು ಕೂಗುತ್ತಾನೆ. ಕಣದಲ್ಲಿ ಆಡಬಾರದ ಮಾತು ಅದು. ಸಾವಂತ್ರೆವ್ವ ಅಲ್ಲ ಎನ್ನುವುದಿಲ್ಲ. ಹೌದು ಎನ್ನುವುದಿಲ್ಲ. ಅಲ್ಲ ಎಂದರೆ ಮತ್ತೆ ಯಾರು ಎಂದು ಕೇಳುತ್ತಾರೆ, ಆ ಹೆಸರನ್ನು ಅವಳು ಅಲ್ಲಿ ಆಡಬಾರದು. ತಲೆ ತಗ್ಗಿಸಿ ನಿಂತೇ ಇದ್ದಾಳೆ. ಯಾರದೋ ಮಗಳ ತವರಿಗಾಗಿ ತನ್ನ ಅನ್ನ, ತನ್ನ ಮರ್ಯಾದೆ ಎರಡನ್ನೂ ಸೆರಗಿನಲ್ಲಿ ಹಿಡಿದಿದ್ದಾಳೆ.

ಫಕೀರಗೌಡರು ಬಗ್ಗುತ್ತಾರೆ. ಅಳಿಸಿದ ಬೂದಿಯ ಪಕ್ಕದಲ್ಲಿ ಯಾರೋ ಊರಿ ಎದ್ದ ಬಲ ಅಂಗೈಯ ಅಚ್ಚು ಇದೆ. ಇನ್ನೊಂದು ಕೈಯಿಂದ ಕಾಳು ಬಾಚಿದ ಗೀರು ಎಡಕ್ಕೆ ಹೋಗಿದೆ. ಅದನ್ನೇ ಬಹಳ ಹೊತ್ತು ನೋಡುತ್ತಾರೆ.

"ಸುಮ್ನಿರೋ ವೆಂಕಣ್ಣ," ಎನ್ನುತ್ತಾರೆ ಕೊನೆಗೆ. "ಇದು ಎಡಗೈಲೆ ಬಾಚಿದ್ದು. ನಮ್ಮನ್ಯಾಗ ಎಡಚಿ ಒಬ್ಬಾಕಿನ."

ಅಷ್ಟೇ. ಸಾವಂತ್ರೆವ್ವನನ್ನು ಕೈಸನ್ನೆಯಿಂದ ಕರೆದು, ಕಾಳನ್ನು ರಾಶಿಯ ಕುಸಿದ ಮಗ್ಗುಲಿಗೇ ಸುರಿಸುತ್ತಾರೆ. ಊರ ಹೊರಗಿನವಳು ಕಣದೊಳಗೆ ಕಾಲಿಟ್ಟಳಲ್ಲ ಎಂದು ಯಾರೋ ಗೊಣಗುತ್ತಾರೆ, ಗೌಡರು ಕೇಳಿಸಿಕೊಳ್ಳುವುದಿಲ್ಲ. ಬೂದಿಯ ಗೆರೆಯನ್ನು ತಾವೇ ಮತ್ತೆ ಎಳೆಯುತ್ತಾರೆ. ಪೂಜೆಯಾಗುತ್ತದೆ, ಕಾಯಿ ಒಡೆಯುತ್ತದೆ. ಸೇರು ತುಂಬಿ ಎತ್ತಿ, ಒಂದು ಎನ್ನುವ ಬದಲು "ಲಾಭ" ಎನ್ನುತ್ತಾರೆ. ಮೊದಲ ಸೇರು ಯಾವತ್ತೂ ದೇವರಿಗೆ ತೆಗೆದಿಡುವುದು. ಅದನ್ನು ಹಿಡಿದುಕೊಂಡು ಗೌಡರು ಕಣ ದಾಟಿ ಬರುತ್ತಾರೆ.

ಸಾವಂತ್ರೆವ್ವ ಇನ್ನೂ ಸೆರಗು ಒಡ್ಡಿಲ್ಲ. ಇವತ್ತು ಒಡ್ಡುವ ಧೈರ್ಯ ಅವಳಿಗಿಲ್ಲ. "ಹಿಡಿ," ಎನ್ನುತ್ತಾರೆ ಗೌಡರು.

ಕಾಳು ಸುರಿಯುವಾಗ ಅವರು ಅವಳ ಮುಖ ನೋಡುವುದಿಲ್ಲ. ಗುಡ್ಡದ ಕಡೆ ನೋಡುತ್ತಾರೆ.

"ಮ್ಯಾಲೆ ಬಿಸಲ ಭಾಳ ಐತೇನು?"

"ನೆಳ್ಳ ಐತ್ರಿ ಗೌಡರ. ಸಂಪಗಿ ಗಿಡದ ನೆಳ್ಳ."

"ಉಂಡಾಳೇನು?"

"ಎಲ್ಲಿ ಉಣ್ತಾಳ್ರಿ."

ಗೌಡತಿ ಬಾಯಿಗೆ ಸೆರಗು ಹಚ್ಚಿಕೊಂಡು ಬಂದು, ಪೂಜೆಗೆ ಇಟ್ಟಿದ್ದ ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಎರಡು ರೊಟ್ಟಿ ಆ ಕಾಳಿನ ಮೇಲೆ ಇಡುತ್ತಾಳೆ. ಎಲ್ಲಿಂದ ಬಂತೋ, ಕುಪ್ಪಸಕ್ಕೆಂದು ಒಂದು ಹಸಿರು ಖಣವೂ ಇದೆ. ಮುಂಜಾನೆಯಿಂದ ಮಡಿಲಲ್ಲೇ ಬಚ್ಚಿಟ್ಟುಕೊಂಡಿದ್ದಳೋ ಏನೋ.

"ಆಕಿಗೆ ಹೇಳು," ಎನ್ನುತ್ತಾರೆ ಗೌಡರು, ದನಿ ಗಡುಸಾಗಿಸಿಕೊಂಡು, "ಪಂಚಮೀತನಕ ನನ್ನ ಕಣ್ಣಿಗೆ ಬೀಳಬಾರದು. ಪಂಚಮಿಗೆ ಬಂಡಿ ಕಳಸ್ತೇನಿ." ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗುತ್ತಾರೆ. "ಅಂವಗೂ ಹೇಳು. ಒಬ್ಬಾಕಿನ್ನ ಕಳಸಬಾರದು."

ಇದನ್ನೆಲ್ಲ ಪೇಪರಿಗೆ ಬರೆಯಬಹುದೇ ಎಂದು ಆಮೇಲೆ ನಾನು ಕೇಳಿದಾಗ ಗೌಡರು ಸಿಡುಕಿ, "ಊರಿಗೆಲ್ಲ ಗೊತ್ತಾದದ್ದು ಪೇಪರಿಗೆ ಗೊತ್ತಾದ್ರ ಏನಾತು? ಬರಕೊಳ್ರಿ," ಎಂದರು. ಸಾವಂತ್ರೆವ್ವನ ಹೆಸರು ತಪ್ಪದೆ ಹಾಕಿ ಎಂದರು.

ಮತ್ತೆ ಅದೇ ಗುಡ್ಡ, ಅದೇ ಏರು. ಆದರೆ ಸಾವಂತ್ರೆವ್ವ ಈಗ ನಡೆಯುತ್ತಿಲ್ಲ, ಹೆಚ್ಚುಕಡಿಮೆ ಓಡುತ್ತಿದ್ದಾಳೆ. ಸಂಪಿಗೆ ಮರದ ಕೆಳಗೆ ಕಲ್ಲವ್ವ ಎದ್ದು ನಿಂತಿದ್ದಾಳೆ. ಸಾವಂತ್ರೆವ್ವ ಅವಳ ಸೆರಗು ಹಿಡಿದೆಳೆದು ಕಾಳು ಸುರಿಯುತ್ತಾಳೆ. ಅವ್ವನ ಖಣ ಕಂಡದ್ದೇ ಹುಡುಗಿ ಉಡಿಯನ್ನು ಅಪ್ಪಿಕೊಂಡು ಹೋ ಎಂದು ಅಳುತ್ತಾಳೆ. ರಸೂಲಸಾಬ ಕಣಗಿಲೆ ಹೂವಿನ ಹಾರ ಹಿಡಿದು, "ಅತ್ತದ್ದು ಸಾಕಾತು, ನನ್ನ ಹೂವಾ ಬಾಡಾಕತ್ತಾವ," ಎಂದು ಗದರುತ್ತ ತಾನೂ ಕಣ್ಣು ಒರೆಸಿಕೊಳ್ಳುತ್ತಾನೆ. ಹಾರ ಬದಲಾಗುತ್ತದೆ, ತಾಳಿ ಬೀಳುತ್ತದೆ, ಎರಡು ರೊಟ್ಟಿ ಇಬ್ಬರಲ್ಲಿ ಮುಗಿಯುತ್ತವೆ.

ಅವರು ಅತ್ತ ಇಳಿದು ಹೋದ ಮೇಲೆ ಸಾವಂತ್ರೆವ್ವ ಕೊಡ ಎತ್ತಿಕೊಳ್ಳುತ್ತಾಳೆ. ಇಷ್ಟು ಮಂದಿಯ ಉಡಿ ತುಂಬಿಸಿದವಳಿಗೆ ಏನಾದರೂ ಆಸೆ ಇದ್ದೀತಲ್ಲ ಎಂದು ಕೇಳಿದರೆ, ಮೊದಲು ಇಲ್ಲ ಎನ್ನುತ್ತಾಳೆ. ಆಮೇಲೆ ಕೆರೆಯ ಆಚೆ ಧಾರವಾಡದ ಹಾದಿಯ ಕಡೆ ಕೈ ತೋರಿಸುತ್ತಾಳೆ. ಇಲ್ಲಿಂದ ಆ ಹಾದಿ ಉದ್ದಕ್ಕೂ ಕಾಣುತ್ತದೆ.

"ಪಂಚಮಿ ಮುಂದ ನೀರ ಹೊರೂದು ಲಗೂ ಮುಗಸಿ ಇಲ್ಲಿ ಬಂದು ನಿಂದರತೇನ್ರಿ. ಹೆಣ್ಮಕ್ಕಳನ್ನ ಕರಕೊಂಡು ಬಂಡಿ ಬರತಾವ. ಅದರಾಗ ನಾ ಉಡಿ ಒಯ್ದು ಕೊಟ್ಟಾವ್ರೂ ಇರತಾರ. ನನಗ ಬರೂ ಬಂಡಿ ಅದರಾಗಿಲ್ಲ ಅಂತ ಗೊತ್ತೈತಿ. ಆದ್ರೂ ಪ್ರತಿ ಸಲ ಕಡೀ ಬಂಡಿ ದಾಟೂತನಕ ನಿಂದರತೇನಿ. ಈ ವರ್ಷ ಗೌಡರ ಬಂಡಿ ಒಂದು ಹೆಚ್ಚಾತಲ್ರಿ. ಅದನ್ನ ಕಣ್ಣತುಂಬ ನೋಡಿದ್ರ ಸಾಕು."